ಒತ್ತಕ್ಷರದ ಕೀಲಿ

ಸೂಪರ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯೊಳಗ
ಚಾರ್ಜರು, ಕವರು ಜೋತುಬಿದ್ದ ಸಣ್ಣ ಅಂಗಡಿ.
ಹೊರಗ ನಲವತ್ಮೂರು ಡಿಗ್ರಿ. ಒಳಗ ಜುನೈದ,
ಮೀಸಿ ಈಗೀಗ ಮೂಡ್ಲಾಕತ್ತ ಹುಡುಗ.
"ಏನ್ ಕೆಲಸಕ್ಕ ಬೇಕ್ರಿ ಅಕ್ಕೋರ, ಲ್ಯಾಪ್‌ಟಾಪು?"

ಬರೀಲಾಕ, ಅಂದೆ.

"ಅದು ಖರೆ. ಮತ್ತ?"
ಬರೀಲಾಕ.
"ವಿಡಿಯೊ, ಗೇಮು, ಮಕ್ಕಳ ಕ್ಲಾಸು?"
ಇಲ್ಲಪ. ಬರೀ ಬರೀಲಾಕ.
ಆ ಮಾತಿಗೆ ಅವ ನಕ್ಕ. ನಾನೂ ನಕ್ಕೆ.

ಆದ್ರೂ ಹೊಸಾದೊಂದು ತೆಗೆದು ಮುಂದಿಟ್ಟ:
ಬೆಳ್ಳಿ ಬಣ್ಣ, ಹಪ್ಪಳದಂಗ ತೆಳ್ಳಗ,
ಇಷ್ಟು ಜಿಬಿ, ಅಷ್ಟು ಕೋರು.
"ಬೆರಳಚ್ಚು ಇಟ್ರ ಸಾಕ್ರಿ, ತಾನೇ ತೆರೀತದ."
ನಾ ಬೆರಳಚ್ಚುಗಾರ್ತಿ, ತಮ್ಮ.
ಕೋರ್ಟಿನ ಮುಂದ ಬೇವಿನ ಬುಡಕ ಕುಂತು
ಇಪ್ಪತ್ತೆರಡು ವರ್ಷ ಬೆರಳಚ್ಚು ಮಾಡೀನಿ,
ಯಾವ ಬಾಗಿಲೂ ಹಂಗ ತೆರೆದದ್ದು ಕಂಡಿಲ್ಲ.
ರೇಟು ಕೇಳಿದೆ. ಐವತ್ತೆಂಟು ಸಾವಿರ.
ನನ್ನ ಚೀಲದಾಗ ಭಿಶಿ ಎತ್ತಿದ ಹದಿನಾಲ್ಕು.

ಕೇಳು, ನನಗ ಬೇಕಾದದ್ದು ಇಷ್ಟು:
ಕನ್ನಡ ಬರಬೇಕು, ತೊದಲಬಾರದು.
ಕರೆಂಟು ಹೋದ ಮ್ಯಾಲ ಹಿಡಿದ ಮಾತು ಮುಗಿಯೋ ತನಕ
ಉಸಿರು ಹಿಡಕೊಂಡಿರಬೇಕು.
ಶಹಾಬಾದ ಬಸ್ಸಿನಾಗ ತೊಡಿ ಮ್ಯಾಲ ಇಟ್ಕೊಂಡ್ರ
ಬುತ್ತಿಗಂಟಿಗಿಂತ ಭಾರ ಆಗಬಾರದು.
ಒತ್ತಿದ್ರ ಒತ್ತಿದಂಗ ಬೆರಳಿಗೆ ಗೊತ್ತಾಗಬೇಕು.
ಇಂಟರ್ನೆಟ್ಟು? ಇದ್ರ ಇರ್ಲಿ,
ಇರದಿದ್ರ ಇನ್ನೂ ಚಲೋ.

"ಏನ್ ಬರೀತೀರಿ ಅಂಥಾದ್ದು?"
ಈ ಸಲ ಖರೇನೇ ಕೇಳಿದ.

ಜಮೀನಿನ ಅರ್ಜಿ ಬರೆಸ್ಲಾಕ ಬಂದ ಮುದುಕಿ
ಸರ್ವೆ ನಂಬರು ಹೇಳೋ ನಡುವ
ತನ್ನ ಎಮ್ಮಿಯ ಹೆಸರು ಹೇಳಿದ್ಳು, ಎರಡು ಸಲ.
ಜೀವನಾಂಶ ಕೇಳಲಾಕ ಬಂದಾಕಿ
ಗಂಡ ಚಹಾ ಹೆಂಗ ಸೋಸತಿದ್ದ ಅಂತ
ಕೈ ಮಾಡಿ ತೋರಿಸಿದ್ಳು, ಆಮ್ಯಾಲ ಅತ್ತಳು.
ನಾ ಅದನ್ನೆಲ್ಲ ಬಿಟ್ಟು
'ಮಾನ್ಯರೆ' ಅಂತ ಸುರು ಮಾಡಿ
'ತಮ್ಮ ವಿಶ್ವಾಸಿ' ಅಂತ ಮುಗಿಸ್ತಿದ್ದೆ.
ಪುಟಕ್ಕ ಹತ್ತು ರೂಪಾಯಿ.
ಬಿಟ್ಟದ್ದಕ್ಕ ಯಾರೂ ರೊಕ್ಕ ಕೊಡಲಿಲ್ಲ,
ಯಾರೂ ತಿರುಗಿ ಒಯ್ಯಲೂ ಇಲ್ಲ.
ಎಲ್ಲಾ ನನ್ನ ಹತ್ರನೇ ಉಳದದ.

ಇದನ್ನ ಹುಡುಗನಿಗೆ ಹೇಳಲಿಲ್ಲ.
ಹಿಂಗ, ಏನೋ, ಅಂದೆ.

ಅವ ಪರದಾ ಸರಿಸಿ ಒಳಗ ಹೋಗಿ
ಹಳೇವು ಮೂರು ತಂದ.
ಒಂದರ ಪರದೆ ತುಂಬ ಹಸಿರು ಗೆರಿ.
ಇನ್ನೊಂದು ನಮ್ಮೂರ ಬಸ್ಸಿನ ಬಾಗಿಲದಂಗ,
ಕೈ ಬಿಟ್ರ ತಾನೇ ಮುಚ್ಚಿಕೊಳ್ತದ.
ಮೂರನೇದು ಕರ್ರಗ, ದಪ್ಪ, ಒಂದು ಮೂಲಿ ಮುರದದ,
ಕೀಲಿ ಎಲ್ಲಾ ನೆಟ್ಟಗ ಅವ,
ಎಫ್ ಒಂದು ಬಿಟ್ಟು.
ಅದರ ಅಕ್ಷರ ಅಳಿಸಿ, ಹುಣಸಿ ಬೀಜದಂಗ ನುಣ್ಣಗ.

"ಅದೊಂದು ಬದಲಿ ಮಾಡಿ ಕೊಡ್ತೀನ್ರಿ. ನೂರೈವತ್ತು."

ತಡಿ ತಮ್ಮ. ಮುಟ್ಟಬ್ಯಾಡ.

ನುಡಿ ಹಾಕಿ ಬರೆಯೋರಿಗೆ ಅದು ಒತ್ತಕ್ಷರದ ಕೀಲಿ.
ಒಂದಕ್ಷರದ ಕೆಳಗ ಇನ್ನೊಂದಕ್ಕ
ಕೂಡ್ಲಾಕ ಜಾಗ ಮಾಡಿ ಕೊಡ್ತದ.
ಅವ್ವ ಅನ್ಲಾಕ ಬೇಕು, ರೊಟ್ಟಿ ಅನ್ಲಾಕ ಬೇಕು,
ಹಳ್ಳ, ಕಲ್ಲು, ಬಿಕ್ಕು, ಸಿಟ್ಟು.
ಇಂಗ್ಲಿಷಿನೋರ ಕೈಯಾಗ ಎಫ್ ಒಂದೇ
ಹಿಂಗ ಸವೆಯಂಗಿಲ್ಲ.

ಯಾರದಿದು?
"ಸೇಡಂ ಕಡಿಂದ ಬಂದ ಲಾಟ್ ರೀ, ಹೆಸರು ಗೊತ್ತಿಲ್ಲ.
ಒಳಗಿಂದೆಲ್ಲ ಅಳಿಸೇವಿ. ಒಂದಕ್ಷರ ಉಳಿದಿಲ್ಲ."

ಎತ್ತಿ ನೋಡಿದೆ.
ಬುತ್ತಿಗಂಟಿಗಿಂತ ಭಾರನೇ ಇತ್ತು. ಇರ್ಲಿ.
ಹನ್ನೊಂದು ಅಂದ, ಒಂಬತ್ತು ಅಂದೆ,
ಹತ್ತಕ್ಕ ಬಂದು ಚೀಲವೂ ಕೊಟ್ಟ.

"ಒಮ್ಮೆ ಬರದು ನೋಡ್ರಿ," ಖಾಲಿ ಪುಟ ತೆರದ.
ಬೆರಳು ರೂಢಿಯಂಗ 'ಮಾ' ಅಂತ ಹೊಡೀತು.
ಅಳಿಸಿದೆ.
ಫ್ಯಾನಿನ ಗಾಳಿ ಬಿಸಿ ಇತ್ತು. ಗಲ್ಲಿಯೊಳಗ ಯಾರೋ
ಕಲ್ಲಂಗಡಿ ಕೂಗ್ಲಾಕತ್ತಿದ್ರು.
ಬ, ಅದಕ್ಕ ಎತ್ವ, ಆಮ್ಯಾಲ ಳ,
ನುಣ್ಣನ ಕೀಲಿ ಒಮ್ಮೆ,
ಮತ್ತೊಂದು ಳ ಬಂದು ಕೆಳಗ ಕುಂತಿತು.

ಜುನೈದ ಬಗ್ಗಿ ಓದಿದ: "ಬೆಳ್ಳಿ."
ಮಾರಿ ಸಣ್ಣದಾಯ್ತು.
"ಬೆಳ್ಳಿ ಬಣ್ಣದ್ದೇ ಬೇಕಿತ್ತೇನ್ರಿ, ಅಕ್ಕೋರ?"

ಅಲ್ಲಪ, ಅಂದೆ.
ಅದು ಒಂದು ಕರಿ ಎಮ್ಮಿ.